ಕೊಂಬಿನ ಲೆಕ್ಕ

ಮಕ್ಕಳೇ, ಹಿರಿಯರೇ, ಈ ವಾರ ವಿಷಯಕ್ಕೆ ಬರುವ ಮೊದಲು ಒಂದು ತಪ್ಪನ್ನು ತಿದ್ದಬೇಕಾಗಿದೆ. ತಪ್ಪು ನನ್ನದೇ.

ನಾನು ಬ್ಯಾಂಕಿಗೆ ಗುಮಾಸ್ತನಾಗಿ ಸೇರಿದ ಕಾಲದಲ್ಲಿ ಕಂಪ್ಯೂಟರ್ ಇರಲಿಲ್ಲ. ತೊಡೆಯ ಮೇಲಿಟ್ಟರೆ ಕಾಲು ಜೋಮು ಹಿಡಿಯುವಂಥ ಲೆಡ್ಜರುಗಳಲ್ಲಿ ಎಲ್ಲವನ್ನೂ ಕೈಯಲ್ಲೇ ಬರೆಯಬೇಕಿತ್ತು. ಅಂಕಿ ತಪ್ಪಿದರೆ ರಬ್ಬರಿನಲ್ಲಿ ಉಜ್ಜುವಂತಿಲ್ಲ, ಬ್ಲೇಡಿನಲ್ಲಿ ಕೆರೆಯುವಂತಿಲ್ಲ. ತಪ್ಪಿದ ಅಂಕಿ ಎಲ್ಲರಿಗೂ ಕಾಣುವ ಹಾಗೆ ಅದರ ಮೇಲೆ ಒಂದೇ ಗೆರೆ ಎಳೆದು, ಸರಿಯಾದ ಅಂಕಿ ಬರೆದು, ಪಕ್ಕದಲ್ಲಿ ಚಿಕ್ಕ ಸಹಿ ಹಾಕಬೇಕು. ಈ ವಾರ ಅದನ್ನೇ ಮಾಡುತ್ತಿದ್ದೇನೆ.

ಮೂರು ವಾರದ ಹಿಂದೆ ನಾನು ಕೊಟ್ಟಿಗೆಯ ಸಗಣಿ ಹುಳುಗಳ ಬಗ್ಗೆ ಬರೆದಿದ್ದೆ. ಸಗಣಿ ಜೀರುಂಡೆ ಎಂದೂ ಕರೆಯುವ ಕಪ್ಪು ಬಣ್ಣದ, ಗಟ್ಟಿ ಬೆನ್ನಿನ ಹುಳುಗಳು. ಕೆಲವು ಗಂಡುಗಳ ತಲೆಯ ಮೇಲೆ ಎಮ್ಮೆಯ ಹಾಗೆ ಕೊಂಬು ಇರುತ್ತದೆ. "ಆ ಹುಳುಗಳು ತಲೆಮಾರುಗಳ ಕಾಲ ತಲೆಗೆ ತಲೆ ಕೊಟ್ಟು ಗುದ್ದಾಡಿ ಗುದ್ದಾಡಿ ಕೊಂಬು ಬೆಳೆಸಿಕೊಂಡವು, ಹಾಗೆ ಹೊಸ ಜಾತಿಯ ಹುಳು ಹುಟ್ಟಿತು" ಎಂದು ನಾನು ಬರೆದುಬಿಟ್ಟಿದ್ದೆ. ಓದಲು ಚೆನ್ನಾಗಿತ್ತು. ಒಂದು ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆಯ ನಂತರ ಅದನ್ನು ಮಕ್ಕಳಿಗೆ ಓದಿ ಹೇಳಿದರಂತೆ. ಕೇಳಿ ಹಿಗ್ಗಿದ್ದೆ.

ಹೋದ ವಾರ ಒಂದು ಇನ್‌ಲ್ಯಾಂಡ್ ಪತ್ರ ಬಂತು. ಏಳನೇ ತರಗತಿಯ ಹುಡುಗಿ ಬರೆದಿದ್ದಳು. "ತಾತ, ನಮ್ಮಪ್ಪ ಸಣ್ಣವರಿದ್ದಾಗಿನಿಂದ ಗುದ್ದಲಿ ಹಿಡಿದು ಅವರ ಅಂಗೈ ಜಡ್ಡುಗಟ್ಟಿದೆ. ನಮ್ಮ ತಾತನದೂ ಹಾಗೇ ಇತ್ತಂತೆ. ಆದರೆ ಹೋದ ವರ್ಷ ನನ್ನ ತಮ್ಮ ಹುಟ್ಟಿದಾಗ ಅವನ ಅಂಗೈ ಬೆಣ್ಣೆ ತರಹ ಇತ್ತು. ಅಪ್ಪನ ಜಡ್ಡು ತಮ್ಮನಿಗೆ ಬರದಿದ್ದ ಮೇಲೆ ಗುದ್ದಾಡಿದ ಹುಳುವಿನ ಕೊಂಬು ಮರಿಗೆ ಹೇಗೆ ಬರುತ್ತದೆ?"

ಪತ್ರ ಓದಿ ಎರಡು ನಿಮಿಷ ಸುಮ್ಮನೆ ಕೂತೆ. ನನ್ನ ಮೊಮ್ಮಗ ಪತ್ರ ಕಸಿದುಕೊಂಡು ಓದಿ, "ತಾತ, ನಿಮ್ಮ ಟೋಟಲ್ ಟ್ಯಾಲಿ ಆಗಲಿಲ್ಲ" ಎಂದು ನಕ್ಕ. ನಾನು ಓದಿದ್ದು ಬಿಕಾಂ. ಜೀವಶಾಸ್ತ್ರ ಬಿಟ್ಟು ಐವತ್ತು ವರ್ಷದ ಮೇಲಾಯಿತು. ಆದರೂ ಹುಡುಗಿ ಕೇಳಿದ್ದು ಸರಿ ಎಂದು ತಿಳಿಯಲು ಡಿಗ್ರಿ ಬೇಕಿಲ್ಲ. ವಾರವಿಡೀ ಗ್ರಂಥಾಲಯದಲ್ಲಿ ಕೂತು ಓದಿದೆ.

ನನ್ನ ತಪ್ಪು ಬಹಳ ಹಳೆಯ ತಪ್ಪು ಎಂದು ಗೊತ್ತಾಗಿ ಸ್ವಲ್ಪ ಸಮಾಧಾನವಾಯಿತು. ಫ್ರಾನ್ಸಿನ ಲಮಾರ್ಕ್ ಎಂಬ ದೊಡ್ಡ ವಿಜ್ಞಾನಿ 1809ರಲ್ಲಿ ಹೀಗೇ ಬರೆದಿದ್ದರು. ಪ್ರಾಣಿ ಯಾವ ಅಂಗವನ್ನು ಹೆಚ್ಚು ಬಳಸುತ್ತದೋ ಅದು ಬೆಳೆಯುತ್ತದೆ, ಬೆಳೆದದ್ದು ಮರಿಗೆ ಬರುತ್ತದೆ ಎಂದು. ಅಪ್ಪನ ಜಡ್ಡು ಮಗನಿಗೆ ಬರುವುದಿಲ್ಲ ಎಂಬುದನ್ನು ಈಗ ಹಳ್ಳಿಯ ಹುಡುಗಿಯೂ ಗಮನಿಸುತ್ತಾಳೆ. ಹಾಗಾದರೆ ಕೊಂಬಿನ ಹುಳು ಎಲ್ಲಿಂದ ಬಂತು? ಒಂದು ಬಗೆಯ ಹುಳುವಿನಿಂದ ಇನ್ನೊಂದು ಬಗೆ ಹೇಗೆ ಹುಟ್ಟುತ್ತದೆ? ಈಗ ಸರಿಯಾದ ಲೆಕ್ಕ ಬರೆಯುತ್ತೇನೆ.

ಮೊದಲು ಹುಳುವಿನ ಪರಿಚಯ. ಜೀರುಂಡೆಗಳಲ್ಲಿ ಇದುವರೆಗೆ ಹೆಸರಿಟ್ಟಿರುವ ಬಗೆಗಳೇ ಸುಮಾರು 4 ಲಕ್ಷ. ಇಂಥ ಒಂದೊಂದು ಬಗೆಗೂ ಪುಸ್ತಕಗಳಲ್ಲಿ 'ಪ್ರಭೇದ' ಎನ್ನುತ್ತಾರೆ. ತಮ್ಮತಮ್ಮಲ್ಲೇ ಕೂಡಿ ಮರಿ ಮಾಡಿಕೊಂಡು, ಆ ಮರಿಗಳೂ ಮುಂದೆ ಮರಿ ಮಾಡುವಂತಿದ್ದರೆ ಅವೆಲ್ಲ ಒಂದು ಪ್ರಭೇದ. ಹತ್ತಿರದ ನೆಂಟ ಪ್ರಭೇದಗಳನ್ನೆಲ್ಲ ಸೇರಿಸಿದರೆ ಒಂದು ಕುಲ. ಸಗಣಿ ಹುಳುಗಳಲ್ಲಿ 'ಆಂಥೊಫಾಗಸ್' ಎಂಬ ಕುಲವಿದೆ. ಅದರಲ್ಲಿ 2000ಕ್ಕೂ ಹೆಚ್ಚು ಪ್ರಭೇದಗಳಿವೆ. ನಮ್ಮ ನಾಡಿನ ಸಗಣಿಯಲ್ಲೂ ಈ ಕುಲದ ಹುಳುಗಳಿವೆ. ಒಂದಕ್ಕೆ ಹಣೆಯ ಮುಂದೆ ಕೊಂಬು, ಇನ್ನೊಂದಕ್ಕೆ ತಲೆಯ ಹಿಂಭಾಗದಲ್ಲಿ, ಮತ್ತೊಂದಕ್ಕೆ ಎದೆಯ ಮೇಲೆ. ಕೆಲವಕ್ಕೆ ಒಂದು, ಕೆಲವಕ್ಕೆ ಎರಡು, ಕೆಲವಕ್ಕೆ ಇಲ್ಲವೇ ಇಲ್ಲ. ಒಂದೇ ಮನೆತನ, ನೂರಾರು ಮುಖ.

ಈ ಕುಲದ ಒಂದು ಹುಳುವಿನ ಹೆಸರು ಆಂಥೊಫಾಗಸ್ ಟಾರಸ್. 'ಟಾರಸ್' ಎಂದರೆ ಲ್ಯಾಟಿನ್ ಭಾಷೆಯಲ್ಲಿ ಗೂಳಿ. ಉದ್ದ ಸುಮಾರು ಒಂದು ಸೆಂಟಿಮೀಟರ್, ಅಷ್ಟೇ. ಆದರೆ ಶಕ್ತಿ ನೋಡಿ. ಲಂಡನ್ನಿನ ವಿಜ್ಞಾನಿ ರಾಬ್ ನೆಲ್ ಮತ್ತು ಅವರ ಸಂಗಡಿಗರು ಇದರ ಬಲ ಅಳೆದು 2010ರಲ್ಲಿ ಪ್ರಕಟಿಸಿದರು. ಅತಿ ಬಲಶಾಲಿ ಗಂಡು ತನ್ನ ತೂಕದ 1141 ಪಟ್ಟು ಎಳೆಯಿತು! 70 ಕಿಲೋ ತೂಕದ ಮನುಷ್ಯ ಸುಮಾರು 80 ಟನ್ ಎಳೆದಂತೆ. ನಾನಂತೂ ಈಗ ಗ್ಯಾಸ್ ಸಿಲಿಂಡರನ್ನೂ ಎಳೆಯಲಾರೆ.

ಟಾರಸ್ ಸಂಸಾರ ನಡೆಯುವುದು ಸಗಣಿಯ ಕೆಳಗಿನ ಮಣ್ಣಿನಲ್ಲಿ. ತಾಯಿ ಸುರಂಗ ತೋಡಿ, ಸಗಣಿಯನ್ನು ಕೆಳಗೆ ಎಳೆದುಕೊಂಡು ಹೋಗಿ, ಒತ್ತಿ ಉಂಡೆ ಮಾಡಿ, ಒಂದು ಉಂಡೆಗೆ ಒಂದೇ ಮೊಟ್ಟೆ ಇಡುತ್ತದೆ. ಮರಿಹುಳು ಆ ಉಂಡೆಯೊಳಗೇ ಹುಟ್ಟಿ, ಅದನ್ನೇ ತಿಂದು, ಅಲ್ಲೇ ದೊಡ್ಡದಾಗಬೇಕು. ಹೊರಗೆ ಹೋಗಿ ಇನ್ನಷ್ಟು ತರುವಂತಿಲ್ಲ. ತಾಯಿ ಇಟ್ಟ ಬುತ್ತಿ ದೊಡ್ಡದಾದರೆ ಹುಳು ದೊಡ್ಡದು, ಬುತ್ತಿ ಚಿಕ್ಕದಾದರೆ ಹುಳು ಚಿಕ್ಕದು. ಒಮ್ಮೆ ರೆಕ್ಕೆ ಬಂದ ಹುಳುವಾದ ಮೇಲೆ ಅದು ಮತ್ತೆ ಬೆಳೆಯುವುದಿಲ್ಲ.

ಈಗ ಕೊಂಬಿನ ವಿಷಯ. ಟಾರಸ್ ಗಂಡುಗಳೆಲ್ಲಕ್ಕೂ ಕೊಂಬು ಬರುವುದಿಲ್ಲ. ಒಂದು ಅಳತೆಗಿಂತ ದೊಡ್ಡದಾಗಿ ಬೆಳೆದ ಗಂಡಿಗೆ ಹಿಂದಕ್ಕೆ ಬಾಗಿದ ಉದ್ದನೆಯ ಎರಡು ಕೊಂಬು. ಆ ಅಳತೆ ಮುಟ್ಟದ ಗಂಡಿಗೆ ಬರೀ ಮೊಟಕು, ಇಲ್ಲವೇ ನುಣ್ಣನೆ ತಲೆ. ನಡುವಣ ಗಾತ್ರದ ಕೊಂಬಿನವು ಕಡಿಮೆ. ನಮ್ಮ ಕಾಲದ ಉಳಿತಾಯ ಖಾತೆ ಹೀಗೇ ಇತ್ತು. ಚೆಕ್ ಪುಸ್ತಕ ಬೇಕೆಂದರೆ ಖಾತೆಯಲ್ಲಿ ಇಂತಿಷ್ಟು ಕನಿಷ್ಠ ಹಣ ಇರಬೇಕು. ಅಷ್ಟಿದ್ದರೆ ಚೆಕ್ ಪುಸ್ತಕ ಸಿಗುತ್ತದೆ, ಇಲ್ಲದಿದ್ದರೆ ಇಲ್ಲ, ಅರ್ಧ ಚೆಕ್ ಪುಸ್ತಕ ಎಂಬುದಿಲ್ಲ. ಹುಳುವಿಗೆ ದೇಹದ ಗಾತ್ರವೇ ಕನಿಷ್ಠ ಹಣ, ಕೊಂಬೇ ಚೆಕ್ ಪುಸ್ತಕ.

ಕೊಂಬಿನ ಗಂಡು ಸುರಂಗದ ಬಾಯಲ್ಲಿ ಕಾವಲು ನಿಂತು, ಬೇರೆ ಗಂಡುಗಳನ್ನು ತಳ್ಳಿ ಓಡಿಸುತ್ತದೆ. ಕೊಂಬಿಲ್ಲದ ಚಿಕ್ಕ ಗಂಡು ಜಗಳಕ್ಕೆ ಹೋಗುವುದೇ ಇಲ್ಲ. ಪಕ್ಕದಲ್ಲಿ ಸಣ್ಣ ಸುರಂಗ ತೋಡಿ, ಕಾವಲುಗಾರನ ಕಣ್ಣು ತಪ್ಪಿಸಿ ಒಳಗಿನ ಹೆಣ್ಣಿನ ಬಳಿ ಹೋಗುತ್ತದೆ. ಇಕ್ಕಟ್ಟಿನ ಸುರಂಗದಲ್ಲಿ ನುಸುಳಲು ಕೊಂಬಿಲ್ಲದಿರುವುದೇ ಅನುಕೂಲ. ಚಿಕ್ಕ ಹುಳು ಸೋತ ಹುಳುವೇನೂ ಅಲ್ಲ, ಅದರದು ಬೇರೆ ದಾರಿ.

ಕೊಂಬು ಪುಕ್ಕಟೆ ಬರುವುದಿಲ್ಲ ಎಂಬುದು ಮುಂದಿನ ಮಾತು. ಮರಿಹುಳು ತಿನ್ನುವುದನ್ನು ನಿಲ್ಲಿಸಿದ ಮೇಲೆ ಕೊಂಬು, ಕಣ್ಣು, ರೆಕ್ಕೆ ಎಲ್ಲವೂ ಬೆಳೆಯುತ್ತವೆ. ಆ ಹೊತ್ತಿಗೆ ಹೊಸ ಆದಾಯವಿಲ್ಲ, ಕೂಡಿಟ್ಟದ್ದರಲ್ಲೇ ಎಲ್ಲ ಆಗಬೇಕು. ನಾನು ಭವಿಷ್ಯನಿಧಿಯ ಹಣದಲ್ಲಿ ಮನೆ ಕಟ್ಟಿದಾಗ ಹೀಗೇ ಆಯಿತು. ಮುಂದಿನ ಬಾಗಿಲಿಗೆ ತೇಗದ ಮರ ಹಾಕಿಸಿದೆ, ಅಡುಗೆಮನೆ ಕಿರಿದಾಯಿತು. ನಿಮ್ಮಜ್ಜಿ ಅದನ್ನು ಇವತ್ತಿಗೂ ಹೇಳುತ್ತಾರೆ. ಅಮೆರಿಕದ ವಿಜ್ಞಾನಿ ಡಗ್ಲಸ್ ಎಮ್ಲೆನ್ ಈ ಕುಲದ ಬೇರೆ ಬೇರೆ ಪ್ರಭೇದಗಳನ್ನು ಅಳೆದು ನೋಡಿ 2001ರಲ್ಲಿ ಇದನ್ನು ತೋರಿಸಿದರು. ತಲೆಯ ಹಿಂಭಾಗದಲ್ಲಿ ಕೊಂಬು ಬೆಳೆಸಿದವಕ್ಕೆ ಕಣ್ಣು ಚಿಕ್ಕದು. ತಲೆಯ ಮುಂದೆ ಬೆಳೆಸಿದವಕ್ಕೆ ಮೀಸೆ ಚಿಕ್ಕದು. ಎದೆಯ ಮೇಲೆ ಬೆಳೆಸಿದವಕ್ಕೆ ರೆಕ್ಕೆ ಚಿಕ್ಕದು. ಒಂದು ಕಡೆ ಖರ್ಚು ಹಾಕಿದರೆ ಇನ್ನೊಂದು ಕಡೆ ಕಡಿತ. ಕೊಂಬಿನ ಜಾಗ ಬದಲಾದರೆ ಇಡೀ ಹುಳುವಿನ ರೂಪವೇ ಬದಲಾಗುವುದು ಇದಕ್ಕೇ.

ಈಗ ಹುಡುಗಿಯ ಪ್ರಶ್ನೆಗೆ ನೇರ ಉತ್ತರ. ಗುದ್ದಾಡಿದ್ದರಿಂದ ಕೊಂಬು ಬೆಳೆಯುವುದಿಲ್ಲ. ಹುಟ್ಟುವಾಗಲೇ ಹುಳುಗಳ ನಡುವೆ ಸಣ್ಣಪುಟ್ಟ ವ್ಯತ್ಯಾಸಗಳಿರುತ್ತವೆ. ಒಂದಕ್ಕೆ ಸ್ವಲ್ಪ ಬೇಗ ಕೊಂಬು ಬರುವ ಗುಣ, ಇನ್ನೊಂದಕ್ಕೆ ಸ್ವಲ್ಪ ದೊಡ್ಡದಾದ ಮೇಲೆ ಬರುವ ಗುಣ. ಈ ಗುಣ ತಂದೆತಾಯಿಯಿಂದ ಮರಿಗೆ ಬರುತ್ತದೆ. ಯಾವ ಗುಣದ ಹುಳು ಆ ಜಾಗದಲ್ಲಿ ಹೆಚ್ಚು ಮರಿ ಬಿಡುತ್ತದೋ ಮುಂದಿನ ತಲೆಮಾರಿನಲ್ಲಿ ಆ ಗುಣದವೇ ಹೆಚ್ಚಾಗುತ್ತವೆ. ಡಾರ್ವಿನ್ 1859ರಲ್ಲಿ ಪ್ರಕಟಿಸಿದ ಪುಸ್ತಕದ ತಿರುಳು ಇದೇ. ಹುಳು ಏನನ್ನೂ ಬಯಸಬೇಕಿಲ್ಲ, ಪ್ರಯತ್ನಪಡಬೇಕಿಲ್ಲ.

ಇದನ್ನು ಎಮ್ಲೆನ್ ಪನಾಮ ದೇಶದ ಕಾಡಿನಲ್ಲಿ ಮಾಡಿಯೇ ನೋಡಿದರು. ಅಲ್ಲಿ ಕೂಗುವ ಕೋತಿಗಳ ಹಿಕ್ಕೆ ಆರಿಸಿ ತಂದು ಇದೇ ಕುಲದ ಇನ್ನೊಂದು ಹುಳುವನ್ನು ಸಾಕಿದರು. ಒಂದು ಗುಂಪಿನಲ್ಲಿ ತಮ್ಮ ಗಾತ್ರಕ್ಕೆ ಉದ್ದ ಕೊಂಬಿದ್ದ ಗಂಡುಗಳನ್ನೇ, ಇನ್ನೊಂದರಲ್ಲಿ ಗಾತ್ರಕ್ಕೆ ಗಿಡ್ಡ ಕೊಂಬಿದ್ದವನ್ನೇ ಆರಿಸಿ ಮರಿ ಮಾಡಿಸಿದರು. ನಮ್ಮ ರೈತರು ಒಳ್ಳೆಯ ಹೋರಿ ನೋಡಿ ತಳಿ ಬೆಳೆಸುವ ಹಾಗೆ. ಏಳೇ ತಲೆಮಾರಿನಲ್ಲಿ ಎರಡು ಗುಂಪುಗಳ ಕೊಂಬಿನ ಅಳತೆ ಬೇರೆಯಾಯಿತು. ಯಾವ ಹುಳುವಿಗೂ ಗುದ್ದಾಟದ ತರಬೇತಿ ಕೊಟ್ಟಿರಲಿಲ್ಲ!

ಅಲ್ಲಿ ಆರಿಸಿದವರು ಮನುಷ್ಯರು. ಯಾರೂ ಆರಿಸದಿದ್ದರೆ? ಅದಕ್ಕೆ ಮತ್ತೆ ಟಾರಸ್ ಹುಳುವಿನ ಬಳಿಗೇ ಬರೋಣ.

ಟಾರಸ್‌ನ ತವರು ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ನಾಡುಗಳು. ಅಲ್ಲಿಂದ ಅದು ಎರಡು ದೂರದ ಊರುಗಳಿಗೆ ವರ್ಗವಾಗಿ ಹೋಯಿತು. ಒಂದು ಆಸ್ಟ್ರೇಲಿಯ. ಅಲ್ಲಿಗೆ 1788ರಲ್ಲಿ ಇಂಗ್ಲಿಷರು ಹಡಗಿನಲ್ಲಿ ದನ ತಂದರು. ಅಲ್ಲಿನ ಮೂಲ ಸಗಣಿ ಹುಳುಗಳಿಗೆ ಕಾಂಗರೂಗಳ ಒಣ ಹಿಕ್ಕೆ ಅಭ್ಯಾಸ, ದನದ ಹಸಿ ಸಗಣಿಯ ರಾಶಿಯನ್ನು ಹೆಚ್ಚಿನವು ಮುಟ್ಟಲಿಲ್ಲ. ಸಗಣಿ ಹುಲ್ಲುಗಾವಲಿನ ಮೇಲೆ ಹಾಗೇ ಒಣಗಿ ಬಿದ್ದಿತು, ನೊಣ ಮುತ್ತಿತು. ಜಾರ್ಜ್ ಬೊರ್ನೆಮಿಸ್ಸಾ ಎಂಬ ವಿಜ್ಞಾನಿ, ಹೊರದೇಶದ ಸಗಣಿ ಹುಳುಗಳನ್ನು ತರೋಣ ಎಂದರು. 1960ರ ದಶಕದಲ್ಲಿ ಯೋಜನೆ ಶುರುವಾಗಿ 40ಕ್ಕೂ ಹೆಚ್ಚು ಪ್ರಭೇದಗಳು ಅಲ್ಲಿಗೆ ಹೋದವು. ಅವುಗಳಲ್ಲಿ ಟಾರಸ್ ಕೂಡ ಒಂದು. ಪಶ್ಚಿಮ ಆಸ್ಟ್ರೇಲಿಯದಲ್ಲಿ ಅದು ಚೆನ್ನಾಗಿ ಬೇರೂರಿತು.

ಇನ್ನೊಂದು ಊರು ಅಮೆರಿಕ. ಅಲ್ಲಿಗೆ ಯಾರೂ ಕರೆಯದೆಯೇ ಹೋಯಿತು. 1970ರ ದಶಕದ ಆರಂಭದಲ್ಲಿ ಫ್ಲೋರಿಡಾದಲ್ಲಿ ಮೊದಲು ಕಾಣಿಸಿ, ಪೂರ್ವದ ರಾಜ್ಯಗಳಲ್ಲಿ ಹರಡಿತು.

ಹೀಗೆ ಒಂದೇ ತವರಿನ ಎರಡು ಗುಂಪುಗಳು ನಡುವೆ ಸಾಗರವಿಟ್ಟುಕೊಂಡು ಬೇರೆಯಾದವು. ಆರ್ಮಿನ್ ಮೊಚೆಕ್ ಮತ್ತು ಫ್ರೆಡ್ ನೈಹೌಟ್ ಎಂಬ ವಿಜ್ಞಾನಿಗಳು ಪಶ್ಚಿಮ ಆಸ್ಟ್ರೇಲಿಯದ ಹುಳುಗಳನ್ನೂ ಅಮೆರಿಕದ ನಾರ್ತ್ ಕ್ಯಾರೊಲಿನಾದ ಹುಳುಗಳನ್ನೂ ಅಕ್ಕಪಕ್ಕ ಇಟ್ಟು ಅಳೆದರು. ಆಸ್ಟ್ರೇಲಿಯದ ಗಂಡಿಗೆ ಕೊಂಬು ಬರಬೇಕಾದರೆ ಅಮೆರಿಕದ ಗಂಡಿಗಿಂತ ಹೆಚ್ಚು ದೊಡ್ಡದಾಗಿ ಬೆಳೆದಿರಬೇಕು. ಚೆಕ್ ಪುಸ್ತಕದ ಕನಿಷ್ಠ ಹಣ ಆ ಶಾಖೆಯಲ್ಲಿ ಏರಿಬಿಟ್ಟಿತ್ತು!

ಆಸ್ಟ್ರೇಲಿಯದ ಸಗಣಿಯೇ ಬೇರೆ ಇರಬಹುದಲ್ಲ, ಊಟದ ವ್ಯತ್ಯಾಸವಿರಬಹುದಲ್ಲ ಎಂದು ನೀವು ಕೇಳಬಹುದು. ಅವರೂ ಹಾಗೇ ಯೋಚಿಸಿದರು. ಎರಡೂ ಗುಂಪುಗಳನ್ನು ಪ್ರಯೋಗಾಲಯದಲ್ಲಿ ಒಂದೇ ರೀತಿ ಸಾಕಿ ಮರಿ ಮಾಡಿಸಿದರು. ವ್ಯತ್ಯಾಸ ಹಾಗೇ ಉಳಿಯಿತು. ಎಂದರೆ ಅದು ಊಟದಿಂದ ಬಂದದ್ದಲ್ಲ, ತಂದೆತಾಯಿಯಿಂದ ಬಂದದ್ದು. ಇದೆಲ್ಲ 40 ವರ್ಷದೊಳಗೆ ಆಗಿತ್ತು. ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿದಷ್ಟೇ ಕಾಲ!

ಯಾಕೆ ಹೀಗಾಯಿತು? ಪಶ್ಚಿಮ ಆಸ್ಟ್ರೇಲಿಯದಲ್ಲಿ ಸಗಣಿಯ ಒಂದೊಂದು ಗುಡ್ಡೆಗೂ ಹುಳುಗಳ ಜಾತ್ರೆ. ಅಷ್ಟು ನೂಕುನುಗ್ಗಲಿನಲ್ಲಿ ಅತಿ ದೊಡ್ಡ ಗಂಡುಗಳಷ್ಟೇ ಸುರಂಗ ಕಾಯಬಲ್ಲವು. ಮಧ್ಯಮ ಗಾತ್ರದ ಗಂಡು ಕೊಂಬಿಗೆ ಖರ್ಚು ಮಾಡಿಯೂ ಸೋಲುತ್ತದೆ. ಅದೇ ಗಾತ್ರದ್ದು ಕೊಂಬು ಬಿಟ್ಟು ನುಸುಳಿದರೆ ಹೆಚ್ಚು ಮರಿ. ಹಾಗಾಗಿ ತಡವಾಗಿ ಕೊಂಬು ಬರುವ ಗುಣ ಅಲ್ಲಿ ಹೆಚ್ಚುತ್ತಾ ಹೋಯಿತು. ಅಮೆರಿಕದಲ್ಲಿ ಅಷ್ಟು ಗದ್ದಲವಿಲ್ಲ, ಮಧ್ಯಮ ಗಾತ್ರದ ಕೊಂಬಿನ ಗಂಡಿಗೂ ಗೆಲ್ಲುವ ಅವಕಾಶವಿದೆ. ವಿಜ್ಞಾನಿಗಳು ಕೊಡುವ ವಿವರಣೆ ಇದು.

ಹಾಗಾದರೆ ಅವು ಎರಡು ಹೊಸ ಪ್ರಭೇದಗಳಾದವೇ? ಇಲ್ಲ. ಎರಡೂ ಇನ್ನೂ ಟಾರಸ್ ಹುಳುಗಳೇ. ದಾರಿ ಕವಲೊಡೆದಿದೆ, ಅಷ್ಟೇ. ಆದರೆ ಕವಲು ಮುಂದುವರಿದರೆ ಎಲ್ಲಿಗೆ ಮುಟ್ಟುತ್ತದೆ ಎಂದು ತೋರಿಸುವ ಇನ್ನೊಂದು ಹುಳುವಿದೆ. ಅದರ ಹೆಸರು ಆಂಥೊಫಾಗಸ್ ಇಲ್ಲಿರಿಕಸ್. ಯುರೋಪಿನಲ್ಲಿ ಟಾರಸ್ ಜೊತೆಗೇ ಸಿಗುತ್ತದೆ. ನೋಡಲು ಅಣ್ಣತಮ್ಮಂದಿರ ಹಾಗೆ. ಇದು ಟಾರಸ್‌ನದೇ ಒಂದು ರೂಪ ಎಂದು ಹಿಂದೆ ಎಣಿಸಿದ್ದರು. ಈಗ ಬೇರೆ ಪ್ರಭೇದವೆಂದು ಗೊತ್ತಾಗಿದೆ. ಇಟಲಿಯ ವಿಜ್ಞಾನಿಗಳು ಮೊಚೆಕ್ ಜೊತೆ ಸೇರಿ ಈ ಎರಡು ಪ್ರಭೇದಗಳ ತಲೆ, ಎದೆಗಳ ಆಕಾರವನ್ನು ಹೋಲಿಸಿದರು. ಜೊತೆಗೆ ಆಸ್ಟ್ರೇಲಿಯದ ಮತ್ತು ಅಮೆರಿಕದ ಟಾರಸ್‌ಗಳನ್ನೂ ಇಟ್ಟರು. 2008ರಲ್ಲಿ ಅವರು ಬರೆದದ್ದು ಇಷ್ಟು: ವಲಸೆ ಹೋದ ಟಾರಸ್‌ಗಳ ಆಕಾರದಲ್ಲಿ ಕೆಲವೇ ದಶಕಗಳಲ್ಲಿ ಬಂದ ವ್ಯತ್ಯಾಸ, ಎರಡು ಪೂರ್ತಿ ಬೇರೆ ಪ್ರಭೇದಗಳ ನಡುವಿನ ವ್ಯತ್ಯಾಸವನ್ನು ಒಂದಷ್ಟು ಮಟ್ಟಿಗೆ ಹೋಲುತ್ತದೆ.

ಸಣ್ಣ ಲೆಕ್ಕ ಮತ್ತು ದೊಡ್ಡ ಲೆಕ್ಕ ಒಂದೇ ವಹಿಯವು ಎಂದು ನನಗೆ ಅರ್ಥವಾದದ್ದು ಆಗ. ಒಂದು ಗುಂಪು ಎರಡಾಗಬೇಕು, ಎರಡೂ ಕೂಡದಂತೆ ನಡುವೆ ಕಡಲೋ ಬೆಟ್ಟವೋ ಇರಬೇಕು. ಎರಡು ಕಡೆಯ ಬದುಕು ಬೇರೆ ಬೇರೆ ಇರಬೇಕು. ತಲೆಮಾರಿಗೆ ತಲೆಮಾರು ಪೈಸೆ ಪೈಸೆಯಷ್ಟು ವ್ಯತ್ಯಾಸ ಜಮೆಯಾಗುತ್ತಾ ಹೋಗಬೇಕು. ಸಾವಿರಾರು, ಲಕ್ಷಾಂತರ ವರ್ಷಗಳ ನಂತರ ಎರಡೂ ಮತ್ತೆ ಎದುರಾದರೂ ಒಂದನ್ನೊಂದು ತನ್ನವನೆಂದು ಒಪ್ಪದಿದ್ದರೆ, ಅಥವಾ ಕೂಡಿದರೂ ಸರಿಯಾದ ಮರಿಯಾಗದಿದ್ದರೆ, ಅಲ್ಲಿಗೆ ಎರಡು ಪ್ರಭೇದ. ಯಾವ ತಾಯಿ ಹುಳುವೂ ಒಂದು ಬೆಳಿಗ್ಗೆ ಎದ್ದು ಬೇರೆ ಜಾತಿಯ ಮರಿ ಹಾಕಿದ್ದಿಲ್ಲ. ಪ್ರತಿ ಮರಿಯೂ ತನ್ನ ತಾಯಿಯ ಹಾಗೇ ಇತ್ತು, ಒಂಚೂರು ಮಾತ್ರ ಬೇರೆ.

ಪತ್ರ ಬರೆದ ಮಗುವೇ, ಇದು ನಿನಗೆ ನನ್ನ ಉತ್ತರ. ನಿಮ್ಮಪ್ಪನ ಕೈಯ ಜಡ್ಡು ಅವರ ದುಡಿಮೆಯದು, ಅದು ಅವರ ಖಾತೆಯಲ್ಲೇ ಉಳಿಯುತ್ತದೆ. ಬೇಗ ಕೊಂಬು ಬರುವ ಗುಣ, ತಡವಾಗಿ ಬರುವ ಗುಣ, ಇವು ಮಾತ್ರ ವರ್ಗಾವಣೆಯಾಗುವ ಖಾತೆಯವು. ನಾನು ಎರಡು ಖಾತೆಗಳನ್ನು ಬೆರೆಸಿಬಿಟ್ಟಿದ್ದೆ. ನಿನ್ನ ಪತ್ರವನ್ನು ನನ್ನ ಹಳೆಯ ಅಂಕಣದ ಪಕ್ಕದಲ್ಲೇ ಅಂಟಿಸಿಟ್ಟಿದ್ದೇನೆ. ಆ ಶಾಲೆಯ ಮೇಷ್ಟ್ರಲ್ಲಿ ಒಂದು ಕೋರಿಕೆ: ಅಂದು ಪ್ರಾರ್ಥನೆಯ ನಂತರ ನನ್ನ ತಪ್ಪನ್ನು ಓದಿದ ಹಾಗೆ ಈ ತಿದ್ದುಪಡಿಯನ್ನೂ ದಯವಿಟ್ಟು ಓದಿ.

ಅಜ್ಜ ಅಜ್ಜಿಯರಲ್ಲೂ ಒಂದು ಮಾತು. ಮಳೆ ಬಿದ್ದ ಮೇಲೆ ಮೊಮ್ಮಕ್ಕಳನ್ನು ಕರೆದುಕೊಂಡು ದನ ಮೇಯುವ ಬಯಲಿಗೆ ಹೋಗಿ. ಒಂದೆರಡು ದಿನದ ಸಗಣಿಯನ್ನು ಕಡ್ಡಿಯಿಂದ ಮೆಲ್ಲಗೆ ಎತ್ತಿ ನೋಡಿ. ಕೆಳಗೆ ಸಣ್ಣ ತೂತುಗಳಿದ್ದರೆ ಸುರಂಗ ಅಲ್ಲಿದೆ. ಸಿಕ್ಕ ಹುಳುಗಳಲ್ಲಿ ಕೊಂಬಿದ್ದವು ಎಷ್ಟು, ಇಲ್ಲದವು ಎಷ್ಟು ಎಂದು ಮಕ್ಕಳೇ ಎಣಿಸಿ ಪಟ್ಟಿ ಮಾಡಲಿ. ಕೊಂಬಿಲ್ಲದ್ದೆಲ್ಲ ಗಂಡೇ ಎಂದುಕೊಳ್ಳಬೇಡಿ, ಹೆಣ್ಣೂ ಇರಬಹುದು. ಹುಳುಗಳನ್ನು ಮತ್ತೆ ಅಲ್ಲೇ ಬಿಟ್ಟು, ಸಗಣಿ ಮುಚ್ಚಿ, ಮನೆಗೆ ಬಂದು ಸೋಪು ಹಾಕಿ ಕೈ ತೊಳೆದುಕೊಳ್ಳಿ.

ಪಟ್ಟಿಯನ್ನು ನನಗೆ ಕಳಿಸಿ. ಲೆಕ್ಕದಲ್ಲಿ ನನ್ನದು ಮತ್ತೆಲ್ಲಾದರೂ ತಪ್ಪಿದ್ದರೆ ಅದನ್ನೂ ಬರೆಯಿರಿ. ಗೆರೆ ಎಳೆದು ಸಹಿ ಹಾಕಲು ಪೆನ್ನು ಸಿದ್ಧವಾಗಿದೆ.